ಹೇಮಾವತಿಯ ಮಡುಗಳಲ್ಲಿ ಈಟಿ ಮತ್ತು ಉಸಿರು: ಸಕಲೇಶಪುರ–ಆಲೂರು ಸೀಮೆಯ ಮೀನುಬೇಟೆಯ ಇತಿಹಾಸಕ್ಕೊಂದು ಪ್ರವೇಶ

೧

ಕನ್ನಡ ನಾಡಿನ ಬೇಟೆಯ ಇತಿಹಾಸವನ್ನು ಬರೆಯಹೊರಟವರಿಗೆ ಸಾಮಗ್ರಿಯ ಕೊರತೆಯಿಲ್ಲ. ಹತ್ತನೆಯ ಶತಮಾನದ ನಡುಭಾಗಕ್ಕೆ ಸೇರಿದ ಆತಕೂರಿನ ಶಾಸನವು, ಕಾಳಿಯೆಂಬ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿದ ಸಂಗತಿಯನ್ನು ಕಲ್ಲಿನಲ್ಲಿ ಉಳಿಸಿಕೊಟ್ಟಿದೆ. ಹುಲಿಯೊಡನೆ ಸೆಣಸಿ ಸತ್ತವರ ವೀರಗಲ್ಲುಗಳು ಮಲೆನಾಡಿನ ಉದ್ದಕ್ಕೂ ನಿಂತಿವೆ. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ, ೧೮೫೬ರ ಸುಮಾರಿನಲ್ಲಿ ಮಂಜರಾಬಾದಿನಲ್ಲಿ ಕಾಫಿ ತೋಟವನ್ನು ಆರಂಭಿಸಿದ ರಾಬರ್ಟ್ ಎಲಿಯಟ್ ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿವೆ. ಅವುಗಳಲ್ಲಿ ಹುಲಿ ಮತ್ತು ಕಾಟಿಗಳ ಬೇಟೆಗೆ ದೊರೆತಿರುವ ಸ್ಥಳ ಸಣ್ಣದಲ್ಲ.

ಇದೇ ಸೀಮೆಯ ಹೊಳೆಹಳ್ಳಗಳಲ್ಲಿ ವರ್ಷವರ್ಷವೂ ನಡೆದುಬಂದ ಮತ್ತೊಂದು ಬೇಟೆಗೆ ಇಂಥ ಭಾಗ್ಯವಿಲ್ಲ. ಮೀನು ಹಿಡಿಯುವುದು ವೀರಕಾರ್ಯವೆಂದು ಎಣಿಕೆಗೆ ಬರಲಿಲ್ಲ. ಮಡುವಿನಲ್ಲಿ ಮುಳುಗಿ ಮೇಲೇಳದೆ ಹೋದವನ ಸಾವು ಯುದ್ಧದ ಸಾವಿನಂತೆ ಕೀರ್ತಿಗೆ ಕಾರಣವಾಗಲಿಲ್ಲ. ಆದರೆ ಸಾಮಾನ್ಯ ಜನರ ಊಟದ ಎಲೆಗೆ ಹುಲಿಬೇಟೆಗಿಂತ ಮೀನುಬೇಟೆಯೇ ಹತ್ತಿರವಾದುದು. ಆ ಜನರ ಸಾಧನಗಳು ಯಾವುವು, ಅವುಗಳನ್ನು ಬಳಸುವಲ್ಲಿ ಅವರಿಗಿದ್ದ ಕಟ್ಟುಪಾಡುಗಳೇನು, ಆ ಕಟ್ಟುಪಾಡು ಯಾವಾಗ, ಏತಕ್ಕೆ ಸಡಿಲಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೇಖನದ ಮುಖ್ಯ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡಬಹುದು. ಈಟಿಯಿಂದಾಗಲಿ ಬರಿಗೈಯಿಂದಾಗಲಿ ಮೀನು ಹಿಡಿಯುವವನಿಗೆ ಅವನ ದೇಹವೇ ಮಿತಿಯನ್ನು ವಿಧಿಸುತ್ತದೆ. ಅವನ ಕಣ್ಣು ಕಂಡಷ್ಟು, ಅವನ ಉಸಿರು ತಡೆದಷ್ಟು ಅವನ ಬೇಟೆ. ಈ ಮಿತಿಯನ್ನು ಕಾಯ್ದುಕೊಳ್ಳುವುದರಲ್ಲಿ ಮೀನಿನ ಸಂತತಿಯ ರಕ್ಷಣೆಯೂ ಮನುಷ್ಯನ ಪ್ರಾಣರಕ್ಷಣೆಯೂ ಒಟ್ಟಿಗೆ ಅಡಗಿವೆ. ಕಳೆದ ನೂರೈವತ್ತು ವರ್ಷಗಳಲ್ಲಿ ಈ ಹೊಳೆಗಳಿಗೆ ಬಂದೊದಗಿದ ಕೇಡಿನ ಬಹುಭಾಗವು ಆ ಮಿತಿಯನ್ನು ದಾಟುವ ಯತ್ನಗಳಿಂದ ಬಂದುದು.

೨

ಮೊದಲು ನೆಲವನ್ನೂ ನೀರನ್ನೂ ಗಮನಿಸಬೇಕು. ಸಕಲೇಶಪುರದ ಬೆಟ್ಟಸಾಲು ಎರಡು ಸಮುದ್ರಗಳಿಗೆ ನೀರನ್ನು ಹಂಚುತ್ತದೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆಯಲ್ಲಿ ಹುಟ್ಟುವ ಹೇಮಾವತಿಯು ಸಕಲೇಶಪುರ ಪಟ್ಟಣವನ್ನು ಹಾದು, ಆಲೂರು ಸೀಮೆಯನ್ನು ಸೋಂಕಿ, ಗೊರೂರು, ಹೊಳೆನರಸೀಪುರಗಳ ಮಾರ್ಗವಾಗಿ ಸುಮಾರು ೨೪೫ ಕಿಲೋಮೀಟರು ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಪಶ್ಚಿಮದ ಇಳಿಜಾರಿನಲ್ಲಿಯಾದರೋ ಕೆಂಪುಹೊಳೆ ಮೊದಲಾದ ತೊರೆಗಳು ಶಿರಾಡಿಯ ಕಾಡುಗಳಲ್ಲಿ ಇಳಿದು, ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತವೆ. ಒಂದು ನೀರು ಪೂರ್ವಸಮುದ್ರಕ್ಕೆ, ಇನ್ನೊಂದು ಪಶ್ಚಿಮಸಮುದ್ರಕ್ಕೆ.

ಎರಡೂ ಕಡೆಯ ಹೊಳೆಗಳ ನಡತೆ ಮಾತ್ರ ಒಂದೇ ಬಗೆಯದು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಕೆಂಪು ನೀರು ದಡ ಮೀರಿ ಹರಿಯುತ್ತದೆ. ಮಳೆ ನಿಂತ ಮೇಲೆ ನೀರು ತಿಳಿಯಾಗಿ ತಗ್ಗುತ್ತ ಬಂದು, ಬೇಸಗೆಯ ಹೊತ್ತಿಗೆ ಬಂಡೆಗಳ ನಡುವಣ ಮಡುಗಳಲ್ಲಿ ನಿಲ್ಲುತ್ತದೆ. ಹರಿವು ಸಣ್ಣದಾದಾಗ ಮೀನುಗಳೆಲ್ಲ ಆ ಮಡುಗಳನ್ನೇ ಆಶ್ರಯಿಸುತ್ತವೆ. ಮುಂದಿನ ಮುಂಗಾರಿಗೆ ಹೊಳೆಯನ್ನು ಮತ್ತೆ ತುಂಬಬೇಕಾದ ಸಂತತಿ ಆ ನಾಲ್ಕಾರು ತಿಂಗಳು ಉಳಿಯುವುದು ಅಲ್ಲಿಯೇ. ಮನುಷ್ಯನಿಗೆ ಅದೇ ಮಡು ಅತ್ಯಂತ ಸುಲಭವಾದ ಬೇಟೆಯ ಸ್ಥಳ. ಅತ್ಯಂತ ಅಪಾಯದ ಸ್ಥಳವೂ ಹೌದು. ಮೇಲೆ ಕನ್ನಡಿಯಂತೆ ಕಾಣುವ ನೀರಿನ ಅಡಿಯಲ್ಲಿ ಕೊರೆದ ಬಂಡೆ, ಸಿಕ್ಕಿಕೊಂಡ ಮರದ ಬೇರು, ತಣ್ಣನೆಯ ಸೆಳವು ಇರುತ್ತವೆ. ಈ ಇಮ್ಮುಖವನ್ನು ನೆನಪಿನಲ್ಲಿಟ್ಟರೆ ಮುಂದಿನ ಇತಿಹಾಸವು ತಾನಾಗಿ ಅರ್ಥವಾಗುತ್ತದೆ.

೩

ಗ್ರಂಥಸ್ಥವಾದ ಆಧಾರಗಳಿಗೆ ಬರೋಣ. ನೀರಿನೊಳಗೆ ಉಸಿರು ಹಿಡಿದು ಕುಳಿತವರಲ್ಲಿ ಕನ್ನಡ ಓದುಗನಿಗೆ ತಟ್ಟನೆ ನೆನಪಾಗುವವನು ರನ್ನನ ಗದಾಯುದ್ಧದ ದುರ್ಯೋಧನ. ಅವನು ವೈಶಂಪಾಯನ ಸರೋವರದಲ್ಲಿ ಅಡಗಿರುವುದು ಜಲಮಂತ್ರದ ಬಲದಿಂದ. ಕಾವ್ಯದ ಮಾತು ಕಾವ್ಯಕ್ಕೆ ಸರಿ. ಮುಳುಗುವುದನ್ನು ಕಲಿತು ಸಾಧಿಸುವ ವಿದ್ಯೆಯೆಂದು ಬಗೆದವರ ಮಾತನ್ನು ಅಲ್ಲಿ ಹುಡುಕುವುದು ಸಲ್ಲದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ ೧೧೨೬–೧೧೩೮) ಹೆಸರಿನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತ. ಇದರಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಮೀನುಗಳ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ, ದಾರ ಮತ್ತು ಕೋಲುಗಳ ವಿಚಾರ ಅಲ್ಲಿ ಕ್ರಮವಾಗಿ ಬಂದಿದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ಕುರಿತು ಬರೆದು ಅದರ ಮಹತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು. ಆದರೆ ಇದು ಅರಸನ ವಿನೋದ. ದೊರೆ ನೀರಿನ ದಡದಲ್ಲಿದ್ದು ಗಾಳ ಬಿಡುತ್ತಾನೆ. ಅದೇ ಗ್ರಂಥದ ಸಲಿಲಕ್ರೀಡೆಯಲ್ಲಿ ನೀರಿಗಿಳಿಯುವುದೂ ಉಂಟಾದರೂ ಅದು ಬೇರೆಯ ಪ್ರಕರಣ, ಬೇರೆಯ ಸಂತೋಷ. ಹಸಿವಿಗಾಗಿ ನೀರಿಗಿಳಿದವನಿಗೆ ಅಲ್ಲಿ ಅಧ್ಯಾಯವಿಲ್ಲ.

ಆ ಮನುಷ್ಯನು ಕಾಣಿಸಿಕೊಳ್ಳುವುದು ಆಡಳಿತದ ಬರೆಹಗಳಲ್ಲಿ. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ೧೯೨೮ರಿಂದ ಪ್ರಕಟವಾದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಗ್ರಂಥಮಾಲೆಯು ಬೆಸ್ತರನ್ನು ಕುರಿತು ಹೇಳುತ್ತದೆ. ಮೀನುಗಾರಿಕೆಯ ಜೊತೆಗೆ ಪಲ್ಲಕ್ಕಿ ಹೊರುವುದು, ಸುಣ್ಣ ಸುಡುವುದು ಇವರ ಕಸುಬುಗಳಾಗಿದ್ದವು. ಒಂದೇ ಕಸುಬಿನಿಂದ ಹೊಟ್ಟೆ ತುಂಬದ ಜನರೆಂಬುದಕ್ಕೆ ಇದೇ ಸಾಕ್ಷಿ. ಇನ್ನು ಮಲೆನಾಡಿನಲ್ಲಿ ಮೀನು ಹಿಡಿಯುವುದು ಒಂದು ಜಾತಿಯ ಕಸುಬಾಗಿ ಮಾತ್ರ ಉಳಿದಿರಲಿಲ್ಲ. ಗದ್ದೆಯ ಒಕ್ಕಲೂ ತೋಟದ ಆಳೂ ಕೆಲಸವಿಲ್ಲದ ಹೊತ್ತಿನಲ್ಲಿ ಹೊಳೆಗೆ ಇಳಿಯುತ್ತಿದ್ದರು.

೪

ಸಾಧನಗಳನ್ನು ಅವು ಮನುಷ್ಯನಿಂದ ಏನನ್ನು ಬೇಡುತ್ತವೆ ಎಂಬುದರ ಮೇಲೆ ವಿಂಗಡಿಸುವುದು ಉಚಿತ. ಗಾಳವು ತಾಳ್ಮೆಯನ್ನು ಬೇಡುತ್ತದೆ. ಬೀಸುಬಲೆಯು ತೋಳಿನ ಚಳಕವನ್ನು ಬೇಡುತ್ತದೆ. ಬಿದಿರಿನಿಂದ ಹೆಣೆದ ಕೂಳಿಯು ಹರಿವಿನ ಜ್ಞಾನವನ್ನು ಬೇಡುತ್ತದೆ: ನೀರು ಎಲ್ಲಿ ಕಿರಿದಾಗಿ ಹರಿಯುತ್ತದೆ, ಮೀನು ಯಾವ ಕಡೆಗೆ ಮುಖ ಮಾಡಿ ಬರುತ್ತದೆ ಎಂಬುದು ತಿಳಿಯದವನ ಕೂಳಿ ಬರಿದೇ ಉಳಿಯುತ್ತದೆ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಬಯಲಿಗೆ ಏರಿಬರುವ ಮೀನನ್ನು ಮಲೆನಾಡಿನವರು ಹತ್ತುಮೀನೆಂದು ಕರೆಯುತ್ತಾರೆ. ರಾತ್ರಿಯ ಹೊತ್ತು ದೊಂದಿಯ ಬೆಳಕಿನಲ್ಲಿ, ಈಚೆಗೆ ವಿದ್ಯುತ್ ದೀಪಗಳ ಬೆಳಕಿನಲ್ಲಿ, ಅವುಗಳನ್ನು ಕತ್ತಿಯಿಂದ ಕಡಿದು ಹಿಡಿಯುವುದು ರೂಢಿ. ಮೊಟ್ಟೆಯಿಡಲು ಹೊರಟ ಮೀನಿಗೆ ಇದರಿಂದಾಗುವ ಹಾನಿ ಕಡಿಮೆಯದಲ್ಲ. ಹಳೆಯ ರೂಢಿಗಳೆಲ್ಲ ನಿರ್ದೋಷವಾಗಿದ್ದವೆಂದು ಭಾವಿಸಬೇಕಾಗಿಲ್ಲ. ಆದರೆ ಈ ಬೇಟೆಗೂ ಕೆಲವೇ ರಾತ್ರಿಗಳ ಅವಧಿ, ಮೊಣಕಾಲುದ್ದದ ನೀರು, ಒಂದು ಏಟಿಗೆ ಒಂದು ಮೀನು ಎಂಬ ಎಲ್ಲೆಯಿತ್ತು.

ಈಟಿಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿದಿರಿನ ಕೋಲಿಗೆ ಮುಳ್ಳುಳ್ಳ ಕಬ್ಬಿಣದ ಮೊನೆಯನ್ನು ಸಿಕ್ಕಿಸಿದ ಆಯುಧವು ಲೋಕದ ಎಲ್ಲ ಕಡೆಗಳಲ್ಲಿಯೂ ಬಹು ಪ್ರಾಚೀನವಾದುದು. ಇದು ಮೂಲತಃ ನೀರಿನ ಮೇಲೆ ನಿಂತು ಬಳಸುವ ಆಯುಧ. ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುವುದರಿಂದ ಮೀನು ತಾನಿರುವುದಕ್ಕಿಂತ ಮೇಲಿರುವಂತೆ ತೋರುತ್ತದೆ. ಆದಕಾರಣ ಕಂಡುದಕ್ಕಿಂತ ಕೆಳಗೆ ಗುರಿಯಿಡಬೇಕು. ಈ ನಿಯಮವನ್ನು ಭೌತಶಾಸ್ತ್ರದ ತರಗತಿಯಲ್ಲಿ ಕಲಿಯುವ ವಿದ್ಯಾರ್ಥಿಗಿಂತ ಮೊದಲೇ ಈಟಿ ಹಿಡಿದವನು ಕೈಯಿಂದ ಕಲಿತಿದ್ದನು. ನೀರು ಆಳವಾದಷ್ಟೂ ಈ ತಪ್ಪೂ ಬೆಳೆಯುವುದರಿಂದ ಈಟಿಯ ರಾಜ್ಯ ತಿಳಿಯಾದ, ತೆಳುವಾದ ನೀರಿಗೆ ಸೀಮಿತವಾಗಿತ್ತು.

ಆಳದ ಮಡುವಿಗೆ ಮುಳುಗಿದವನಿಗಾದರೋ ಈಟಿ ಹೆಚ್ಚು ಪ್ರಯೋಜನಕ್ಕೆ ಬಾರದು. ಬರಿಗಣ್ಣು ನೀರನ್ನು ಮುಟ್ಟಿದಾಗ ಅದರ ಮುಂಪೊರೆಯು ಬೆಳಕನ್ನು ಕೂಡಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ; ಎಲ್ಲವೂ ಮಸುಕಾಗುತ್ತದೆ. ಆದ್ದರಿಂದ ಮುಳುಗುವವನ ಸಾಧನ ಅವನ ಕೈ. ಬಂಡೆಯ ಸಂದಿನಲ್ಲಿ ತಡಕಿ ಮೀನು ಹಿಡಿಯುವುದು, ಸಿಕ್ಕಿಕೊಂಡ ಬಲೆಯನ್ನು ಬಿಡಿಸುವುದು ಇವೇ ಅವನ ಕೆಲಸಗಳು. ಹೀಗೆ ಹಳೆಯ ಕ್ರಮದಲ್ಲಿ ಈಟಿ ಒಬ್ಬನದು, ಮುಳುಗು ಇನ್ನೊಬ್ಬನದು.

ಇವೆರಡನ್ನು ಒಂದುಗೂಡಿಸಿದುದು ಗಾಜು. ಕಣ್ಣಿಗೂ ನೀರಿಗೂ ನಡುವೆ ಗಾಳಿಯ ಪದರವನ್ನು ಉಳಿಸುವ ಗಾಜಿನ ಕನ್ನಡಕವನ್ನು ಜಪಾನಿನ ಆಮಾ ಎಂಬ ಮುಳುಗುಗಾರ್ತಿಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಬಳಸತೊಡಗಿದ್ದರು. ಫ್ರಾನ್ಸಿನಲ್ಲಿ ಲೂಯಿ ದ ಕಾರ್ಲಿಯು ಎಂಬಾತನು ೧೯೩೩ರಲ್ಲಿ ಕಾಲಿಗೆ ಕಟ್ಟುವ ರಬ್ಬರಿನ ಈಜುರೆಕ್ಕೆಗೆ ಪೇಟೆಂಟ್ ಪಡೆದನು. ಅದೇ ದಶಕದಲ್ಲಿ ಮೆಡಿಟರೇನಿಯನ್ ತೀರದಲ್ಲಿ ಕನ್ನಡಕ ಧರಿಸಿ ಮುಳುಗಿ ಈಟಿಯಿಂದ ಮೀನು ಹೊಡೆಯುವ ಆಟ ಹಬ್ಬಿ, ೧೯೩೮ರಲ್ಲಿ ಗಯ್ ಗಿಲ್‌ಪ್ಯಾಟ್ರಿಕ್ ಅದನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದನು. ರಬ್ಬರಿನ ಸೆಳೆತದಿಂದಲೋ ಒತ್ತಿದ ಗಾಳಿಯಿಂದಲೋ ಈಟಿಯನ್ನು ಚಿಮ್ಮಿಸುವ ಬಂದೂಕಗಳು ಆ ಕಾಲದಿಂದೀಚೆಗೆ ಬಳಕೆಗೆ ಬಂದವು. ಮೂಗನ್ನೂ ಮುಚ್ಚುವ ಗಾಜಿನ ಮುಖವಾಡ, ಉಸಿರಾಟದ ಕೊಳವೆ, ರೆಕ್ಕೆ, ಸೊಂಟಕ್ಕೆ ಕಟ್ಟುವ ಸೀಸದ ತೂಕ, ತೇಲುಬುರುಡೆ, ಹುರಿ, ಚಾಕು ಇವು ಇಂದಿನ ಮುಳುಗುಬೇಟೆಗಾರನ ಪರಿಕರಗಳು. ಇವೆಲ್ಲವೂ ಸಮುದ್ರದ ಅನುಭವದಿಂದ ಹುಟ್ಟಿದವು. ಬೆಟ್ಟದ ಹೊಳೆಯಲ್ಲಿ ಇವನ್ನು ಹಾಗೆಯೇ ಬಳಸಹೊರಡುವುದು ಏಕೆ ಅಪಾಯವೆಂಬುದನ್ನು ಮುಂದೆ ನೋಡಲಿದ್ದೇವೆ.

೫

ಮುಳುಗುವ ವಿದ್ಯೆಯ ಕಟ್ಟುಪಾಡುಗಳು ಬರೆಹದಲ್ಲಿ ವಿವರವಾಗಿ ಉಳಿದಿರುವುದು ನಮ್ಮ ಹೊಳೆಗಳಿಂದಲ್ಲ, ದಕ್ಷಿಣದ ಮನ್ನಾರ್ ಕೊಲ್ಲಿಯ ಮುತ್ತಿನ ಕಸುಬಿನಿಂದ. ಹೋಲಿಕೆಗಾಗಿ ಅಲ್ಲಿಗೆ ಹೋಗಿಬರುವುದು ಅವಶ್ಯಕ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಆ ತೀರವನ್ನು ವರ್ಣಿಸಿದ ಮಾರ್ಕೋ ಪೋಲೋ, ಹಿಂಸ್ರ ಮೀನುಗಳು ಮುಳುಗುಗಾರರನ್ನು ಮುಟ್ಟದಂತೆ ಮಂತ್ರ ಹಾಕುವವರಿಗೆ ಆದಾಯದಲ್ಲಿ ಪಾಲು ಸಲ್ಲುತ್ತಿದ್ದುದನ್ನು ಹೇಳುತ್ತಾನೆ. ೧೯೦೫ರಲ್ಲಿ ಮದರಾಸು ಸರ್ಕಾರಕ್ಕೆ ಆ ಕಸುಬನ್ನು ಕುರಿತು ವರದಿ ಬರೆದ ಜೇಮ್ಸ್ ಹಾರ್ನೆಲ್ ಮೊದಲಾದವರ ವಿವರಣೆಗಳಿಂದ ಅದರ ಕ್ರಮ ತಿಳಿದುಬರುತ್ತದೆ. ಮುಳುಗುವವನು ಕಲ್ಲಿನ ಭಾರದಿಂದ ಬೇಗ ಕೆಳಗಿಳಿಯುತ್ತಾನೆ. ದೋಣಿಯಲ್ಲಿ ಹಗ್ಗ ಹಿಡಿದ ಒಬ್ಬನು ಅವನ ಮೇಲೆಯೇ ಗಮನವಿಟ್ಟಿರುತ್ತಾನೆ. ಹಗ್ಗದ ಸನ್ನೆ ಸಿಕ್ಕೊಡನೆ ಮೇಲಕ್ಕೆಳೆಯುತ್ತಾನೆ. ಇಬ್ಬರು ಮುಳುಗುಗಾರರು ಸರದಿಯಂತೆ ಇಳಿಯುವುದರಿಂದ ಒಬ್ಬನು ಕೆಳಗಿರುವಾಗ ಇನ್ನೊಬ್ಬನಿಗೆ ವಿಶ್ರಾಂತಿ ದೊರೆಯುತ್ತದೆ. ಮಂತ್ರಕ್ಕೆ ಸಲ್ಲುವ ಗೌರವವನ್ನು ಸಲ್ಲಿಸಿದ ಮೇಲೂ, ಪ್ರಾಣವನ್ನು ಕಾಯುತ್ತಿದ್ದುದು ಹಗ್ಗ ಹಿಡಿದವನ ಎಚ್ಚರವೇ ಎನ್ನಬೇಕಾಗುತ್ತದೆ.

ಆಧುನಿಕ ಶರೀರಶಾಸ್ತ್ರವು ಈ ಹಳೆಯ ಕ್ರಮವನ್ನೇ ಸಮರ್ಥಿಸಿದೆ. ಉಸಿರಾಡಬೇಕೆಂಬ ತವಕವನ್ನು ಮುಖ್ಯವಾಗಿ ಹುಟ್ಟಿಸುವುದು ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್. ಆಮ್ಲಜನಕದ ಕೊರತೆಯು ಅಷ್ಟು ಬಲವಾದ ಎಚ್ಚರಿಕೆಯನ್ನು ಕೊಡುವುದಿಲ್ಲ. ಮುಳುಗುವ ಮುನ್ನ ಬೇಗಬೇಗನೆ ದೀರ್ಘವಾಗಿ ಉಸಿರಾಡಿದರೆ ಡೈಆಕ್ಸೈಡ್ ತೊಲಗುತ್ತದೆ, ಆಮ್ಲಜನಕವು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆಗ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ಪ್ರಜ್ಞೆ ತಪ್ಪಬಹುದು. ಅಮೆರಿಕದ ಆಲ್ಬರ್ಟ್ ಕ್ರೇಗ್ ೧೯೬೧ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸ್ಪಷ್ಟಪಡಿಸಿತು. ಸಮುದ್ರದಲ್ಲಿ ಹತ್ತು ಮೀಟರು ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ಮೇಲೇರುವಾಗ ಅದು ಒಮ್ಮೆಗೇ ಇಳಿಯುವುದರಿಂದ ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಕುಸಿಯುತ್ತದೆ. ಆದಕಾರಣ ಅನೇಕರು ಪ್ರಜ್ಞೆ ತಪ್ಪುವುದು ಆಳದಲ್ಲಲ್ಲ, ಇನ್ನೇನು ಮೇಲೆ ಬಂದೆವೆನ್ನುವ ಹೊತ್ತಿನಲ್ಲಿ. ಮಡು ಆಳವಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಅತಿಯಾಗಿ ಉಸಿರಾಡಿ ಮುಳುಗಿದವನು ಎರಡಾಳು ನೀರಿನಲ್ಲಿಯೂ ಪ್ರಾಣ ಬಿಡಬಹುದು.

ಇದರಿಂದ ಹೊರಡುವ ನಿಯಮಗಳು ಸರಳವಾದವು. ಒಬ್ಬಂಟಿಯಾಗಿ ಎಂದಿಗೂ ಮುಳುಗಬಾರದು. ಒಬ್ಬನು ಕೆಳಗಿರುವಾಗ ಮತ್ತೊಬ್ಬನು ಮೇಲಿದ್ದು ನೋಡುತ್ತಿರಬೇಕು. ಇಬ್ಬರೂ ಒಟ್ಟಿಗೆ ಮುಳುಗಿದರೆ ಇಬ್ಬರೂ ಒಬ್ಬಂಟಿಗಳೇ. ಮೇಲೆ ಬಂದವನನ್ನು ಅವನು ನಾಲ್ಕಾರು ಸಲ ಉಸಿರಾಡಿ ಮಾತನಾಡುವವರೆಗೆ ಕಣ್ಣಿನಿಂದ ಬಿಡಬಾರದು. ಮುಳುಗಿದ್ದ ಕಾಲಕ್ಕೆ ಕಡೆಯ ಪಕ್ಷ ಎರಡರಷ್ಟು ಕಾಲವನ್ನು ಮೇಲೆ ವಿಶ್ರಾಂತಿಗೆ ಕೊಡಬೇಕು. ಅತಿಯಾದ ಉಸಿರಾಟವನ್ನು ಬಿಡಬೇಕು. ಈಟಿಬಂದೂಕವನ್ನು ನೀರಿನ ಹೊರಗೆ ಎಂದಿಗೂ ಸಜ್ಜುಗೊಳಿಸಬಾರದು, ಮನುಷ್ಯನ ಕಡೆಗೆ ಅದರ ಮೊನೆ ತಿರುಗಬಾರದು. ಸೊಂಟದ ತೂಕವು ಒಂದೇ ಕೈಯ ಸೆಳೆತಕ್ಕೆ ಕಳಚಿಬೀಳುವಂತಿರಬೇಕು.

ಬೆಟ್ಟದ ಹೊಳೆಗಳಿಗೆ ಇನ್ನೂ ಕೆಲವು ಮಾತುಗಳನ್ನು ಸೇರಿಸಬೇಕು. ಉಪ್ಪುನೀರಿಗಿಂತ ಸಿಹಿನೀರು ಹಗುರ. ಪರಿಕರಗಳೊಡನೆ ೮೦ ಕಿಲೋಗ್ರಾಂ ಇರುವವನಿಗೆ ಸಮುದ್ರದಲ್ಲಿ ಸರಿಹೋಗುವ ಸೀಸವು ಹೊಳೆಯಲ್ಲಿ ಸುಮಾರು ೨ ಕಿಲೋಗ್ರಾಂನಷ್ಟು ಹೆಚ್ಚಾಗುತ್ತದೆ. ಸಮುದ್ರದಲ್ಲಿ ಪ್ರಾಣ ಕಾಯುವ ತೇಲುಬುರುಡೆಯ ಹುರಿಯೇ ಹರಿಯುವ ನೀರಿನಲ್ಲಿ ಬಂಡೆಗೂ ಬೇರಿಗೂ ಸುತ್ತಿಕೊಂಡು ಉರುಳಾಗಬಹುದು. ಅದನ್ನು ಕೊಯ್ಯಲು ಚಾಕು ಕೈಗೆಟುಕುವಂತಿರಬೇಕು. ಸೆಳವಿನಲ್ಲಿ ನಿಲ್ಲಲು ಹೋದರೆ ಕಾಲು ಕಲ್ಲಿನ ಸಂದಿಗೆ ಸಿಕ್ಕಿ, ನೀರು ಮನುಷ್ಯನನ್ನು ಮುಂದಕ್ಕೆ ಬೀಳಿಸಿ ಮುಚ್ಚಿಬಿಡುತ್ತದೆ. ನೀರು ಕದಡಿದ್ದರೆ, ಮೇಲಿನ ಘಟ್ಟದಲ್ಲಿ ಮೋಡ ಕವಿದಿದ್ದರೆ, ಮೇಲ್ಗಡೆ ಅಣೆಕಟ್ಟಿದ್ದು ನೀರು ಬಿಡುವ ಸಮಯ ತಿಳಿಯದಿದ್ದರೆ ಇಳಿಯಲೇಬಾರದು. ಮಳೆಗಾಲದಲ್ಲಂತೂ ಈ ವಿಚಾರವೇ ಸಲ್ಲದು.

ಮುಳುಗಿದವನನ್ನು ಎತ್ತಿ ತಂದ ಮೇಲೆ ಹೊಟ್ಟೆಯನ್ನೊತ್ತಿ ನೀರು ಕಕ್ಕಿಸುವ, ತಲೆಕೆಳಗಾಗಿ ಹಿಡಿದು ತಿರುಗಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಇದರಿಂದ ಅಮೂಲ್ಯವಾದ ನಿಮಿಷಗಳು ನಷ್ಟವಾಗುತ್ತವೆ. ಉಸಿರು ನಿಂತವನಿಗೆ ಮೊದಲು ಬೇಕಾದುದು ಬಾಯಿಗೆ ಬಾಯಿಟ್ಟು ಕೊಡುವ ಉಸಿರು, ನಾಡಿಯಿಲ್ಲದಿದ್ದರೆ ಜೊತೆಗೆ ಎದೆಯ ಒತ್ತುವಿಕೆ. ಕಾಲೇಜುಗಳ ಎನ್.ಸಿ.ಸಿ. ಮತ್ತು ರಾಷ್ಟ್ರೀಯ ಸೇವಾ ಯೋಜನೆಯ ಅಧ್ಯಾಪಕರು ಇದನ್ನು ಕಲಿಸುವುದಾದರೆ ಅದು ಯಾವ ಪಾಠಕ್ಕೂ ಕಡಿಮೆಯಾದುದಲ್ಲ.

೬

ಇಲ್ಲಿಯವರೆಗೆ ಹೇಳಿದ ಸಾಧನಗಳಲ್ಲಿ ಮನುಷ್ಯನ ಮೈ ಯಾವುದಾದರೊಂದು ರೀತಿಯಲ್ಲಿ ದುಡಿಯಲೇಬೇಕು. ಇವುಗಳಿಗೆ ಹೊರತಾದ ಎರಡು ಕ್ರಮಗಳುಂಟು: ನಂಜು ಮತ್ತು ಸಿಡಿಮದ್ದು. ಕಾಕಮಾರಿಯೆಂಬ ಬಳ್ಳಿಯ ಕಾಯಿ, ಕಾರೆಯ ಕಾಯಿ ಮುಂತಾದವನ್ನು ಜಜ್ಜಿ ನೀರಿಗೆ ಬೆರೆಸಿದರೆ ಮೀನು ಮತಿಗೆಟ್ಟು ತೇಲುತ್ತದೆ. ಈ ಪದ್ಧತಿ ಹಳೆಯದು. ಸಣ್ಣ ಹಳ್ಳದಲ್ಲಿ ಗಿಡಮೂಲಿಕೆಯ ನಂಜಿಗೂ ಒಂದು ಎಲ್ಲೆಯಿತ್ತು. ಕಾಯಿಗಳನ್ನು ಆಯ್ದು ತಂದು ಜಜ್ಜುವ ಶ್ರಮವೇ ಅದರ ಎಲ್ಲೆ. ಡೈನಮೈಟಿಗೆ ಆ ಎಲ್ಲೆಯೂ ಇಲ್ಲ. ಮಡುವಿನೊಳಗೆ ಒಂದು ತುಣುಕು ಸಿಡಿದರೆ ದೊಡ್ಡದು, ಮರಿ, ತಿನ್ನುವುದು, ತಿನ್ನದ್ದು ಎಂಬ ಭೇದವಿಲ್ಲದೆ ಎಲ್ಲವೂ ಸಾಯುತ್ತವೆ, ಸತ್ತುದರಲ್ಲಿ ಬಹಳಷ್ಟು ಮುಳುಗಿಹೋಗಿ ಯಾರ ಕೈಗೂ ಸಿಕ್ಕುವುದಿಲ್ಲ.

ಈ ವಿನಾಶದ ಕಾಲಗಣನೆಯನ್ನು ನಿಖರವಾಗಿ ಮಾಡಬಹುದು. ಆಲ್ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದುದು ೧೮೬೭ರಲ್ಲಿ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಗಾಳದ ಬೇಟೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದನು. ಅದೇ ವರ್ಷ ಫ್ರಾನ್ಸಿಸ್ ಡೇ ಭಾರತ ಮತ್ತು ಬರ್ಮಾಗಳ ಸಿಹಿನೀರಿನ ಮೀನುಗಾರಿಕೆಯನ್ನು ಕುರಿತ ವರದಿಯನ್ನು ಹೊರತಂದು, ಮರಿಮೀನುಗಳ ನಾಶವನ್ನು ತಡೆಯುವ ಕಾನೂನು ಬೇಕೆಂದು ವಾದಿಸಿದನು. ೧೮೯೭ರ ಭಾರತೀಯ ಮೀನುಗಾರಿಕೆ ಕಾಯಿದೆಯು ನೀರಿನಲ್ಲಿ ಸಿಡಿಮದ್ದು ಬಳಸುವುದನ್ನೂ ನಂಜು ಹಾಕುವುದನ್ನೂ ಅಪರಾಧವೆಂದು ಸಾರಿ, ಎರಡು ತಿಂಗಳವರೆಗಿನ ಸೆರೆಯನ್ನು ಅಥವಾ ೨೦೦ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಹೊಸ ಸ್ಫೋಟಕವೊಂದು ಹುಟ್ಟಿದ ಮೂವತ್ತೇ ವರ್ಷಗಳಲ್ಲಿ ಅದರಿಂದ ಮೀನು ಕೊಲ್ಲುವುದನ್ನು ಹೆಸರಿಸಿ ನಿಷೇಧಿಸಬೇಕಾಯಿತೆಂದರೆ ಆ ದುರ್ವ್ಯವಹಾರ ಎಷ್ಟು ಬೇಗ ಹಬ್ಬಿರಬೇಕು! ಮೈಸೂರು ಸಂಸ್ಥಾನವು ೧೯೦೧ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ನಿಬಂಧನೆಯನ್ನು ತಂದಿತು. ಇಂದು ಕರ್ನಾಟಕದ ಒಳನಾಡು ಜಲಗಳಿಗೆ ೧೯೯೬ರ ಕಾಯಿದೆ ಅನ್ವಯಿಸುತ್ತದೆ. ಆದುದರಿಂದ ಪರವಾನಗಿಯನ್ನು ವಿಚಾರಿಸದೆ ಯಾವ ಹೊಳೆಯಲ್ಲಿಯೂ ಮೀನು ಹಿಡಿಯಲು ಇಳಿಯತಕ್ಕದ್ದಲ್ಲ.

ಕಾನೂನಿಗಿಂತ ಹಳೆಯದಾದ ಇನ್ನೊಂದು ಕಟ್ಟಳೆಯುಂಟು. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಮೀನುಗಳನ್ನು ಅವಧ್ಯವೆಂದು ಸಾರಿ, ಕೆಲವು ತಿಥಿಗಳಲ್ಲಿ ಮೀನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿದನು. ನಮ್ಮಲ್ಲಿ ಆ ಭಾವನೆ ತಿಥಿಗಿಂತ ಹೆಚ್ಚಾಗಿ ಸ್ಥಳವನ್ನು ಹಿಡಿದು ನಿಂತಿದೆ. ತುಂಗೆಯ ದಡದ ಶೃಂಗೇರಿ, ಹಾಸನ ಜಿಲ್ಲೆಯದೇ ಆದ ಕಾವೇರಿತೀರದ ರಾಮನಾಥಪುರ, ಸಕಲೇಶಪುರದ ಬೆಟ್ಟಸಾಲಿನ ಪಶ್ಚಿಮದ ಬುಡದಲ್ಲಿರುವ ಶಿಶಿಲ, ಈ ಮೂರು ಕಡೆಗಳಲ್ಲಿಯೂ ದೇವಾಲಯದ ಮುಂದಣ ನೀರಿನ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. ಬೇಸಗೆಯ ಮಡುವೇ ಮೀನಿನ ಸಂತತಿಯ ಆಶ್ರಯವೆಂದು ಮೇಲೆ ಹೇಳಿದುದನ್ನು ನೆನೆದರೆ, ಈ ಆಚಾರದ ಫಲವು ಭಕ್ತಿಯ ಆಚೆಗೂ ಹಬ್ಬಿದೆಯೆಂಬುದು ತಿಳಿಯುತ್ತದೆ. ೧೯೯೬ರಲ್ಲಿ ಕಿಡಿಗೇಡಿಗಳು ಶಿಶಿಲದ ಹೊಳೆಗೆ ವಿಷ ಹಾಕಿ ಅಪಾರ ಸಂಖ್ಯೆಯ ಮೀನುಗಳನ್ನು ಕೊಂದರು. ಆ ಮೀನುಗಳ ನೆನಪಿಗೆ ಅಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಲಾಯಿತು. ಆತಕೂರಿನ ನಾಯಿಗೆ ದೊರೆತ ಗೌರವವು ಸಾವಿರ ವರ್ಷಗಳ ತರುವಾಯ ಮೀನಿಗೂ ದೊರೆತ ಪ್ರಸಂಗವಿದು.

೭

ಹೇಮಾವತಿಯ ಇತಿಹಾಸದಲ್ಲಿ ೧೯೭೯ನೆಯ ಇಸವಿ ಒಂದು ಗಡಿ. ಆ ವರ್ಷ ಗೊರೂರಿನ ಬಳಿಯ ಅಣೆಕಟ್ಟು ಪೂರ್ಣವಾಗಿ, ಸುಮಾರು ೩೭ ಟಿ.ಎಂ.ಸಿ. ಅಡಿ ನೀರು ನಿಲ್ಲುವ ಜಲಾಶಯ ಏರ್ಪಟ್ಟಿತು. ಹಿನ್ನೀರು ಆಲೂರಿನ ಸೀಮೆಯವರೆಗೂ ಚಾಚಿ ಗದ್ದೆ, ಊರು, ಹಳೆಯ ಮಡುಗಳನ್ನು ಒಳಗೊಂಡಿತು. ಬಯಲುಸೀಮೆಯ ನೂರಾರು ಹಳ್ಳಿಗಳಿಗೆ ನೀರು ಬಂದಿತೆಂಬುದು ನಿಜ. ಹೊಳೆಯ ಮೀನಿಗಾದರೋ ಮೇಲಕ್ಕೂ ಕೆಳಕ್ಕೂ ಇದ್ದ ದಾರಿ ಕಡಿಯಿತು. ಮೀನು ಹಿಡಿಯುವವನಿಗೆ ತಂದೆ ತಾತಂದಿರಿಂದ ಬಂದ ಮಡುವಿನ ಜ್ಞಾನ ಅಲ್ಲಿ ನಿರುಪಯೋಗವಾಯಿತು. ಹಿನ್ನೀರಿನಡಿಯಲ್ಲಿ ಹಳೆಯ ದಂಡೆ ಎಲ್ಲಿ ಮುಗಿಯುತ್ತದೆ, ಆಳ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಮೇಲಿನ ನೀರು ಹೇಳುವುದಿಲ್ಲ.

ಕಾವೇರಿ ನದೀಮಂಡಲದ ದೊಡ್ಡ ಮಹಸೀರ್ ಮೀನಿನ ಕಥೆಯು ಇಲ್ಲಿ ದೃಷ್ಟಾಂತಕ್ಕೆ ಯೋಗ್ಯವಾಗಿದೆ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮೀನನ್ನು ಗಾಳದಲ್ಲಿ ಹಿಡಿದುದು ಲೋಕಪ್ರಸಿದ್ಧವಾಯಿತು. ಬೆನ್ನು ಉಬ್ಬಿದ ಆ ಮೀನಿನ ಜಾತಿಯು ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಗುರುತಿಸಿದುದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಪ್ರಾಣಿಗಳ ಪಟ್ಟಿಗೂ ಸೇರಿತು. ಮೀನಿನ ತೂಕವನ್ನು ಬರೆದಿಟ್ಟವರಿದ್ದರು. ಅದರ ಹೆಸರು ನಿಶ್ಚಯವಾಗುವ ಹೊತ್ತಿಗೆ ಮೀನೇ ವಿರಳವಾಗಿತ್ತು. ಇಂಥ ಮೀನಿರುವ ನೀರಿನಲ್ಲಿ ಈಟಿಯ ಬೇಟೆಗೆ ಒಂದು ವಿಶೇಷ ಹೊಣೆಯುಂಟು. ಗಾಳಕ್ಕೆ ಸಿಕ್ಕಿದ ಮೀನನ್ನು ಜೀವಂತವಾಗಿ ಬಿಟ್ಟುಬಿಡಬಹುದು. ಈಟಿ ತಾಕಿದ ಮೀನನ್ನು ಬಿಟ್ಟು ಫಲವಿಲ್ಲ. ಈಟಿ ಹಿಡಿದವನು ಹೊಡೆಯುವ ಮೊದಲೇ ಜಾತಿಯನ್ನೂ ಗಾತ್ರವನ್ನೂ ಗುರುತಿಸಬೇಕು. ಗುರುತು ಸಿಗದಿದ್ದರೆ ಕೈ ತಡೆಯಬೇಕು. ಮಹಸೀರ್ ಎಂದು ತೋರಿದುದನ್ನಂತೂ ಹೊಡೆಯಲೇಬಾರದು.

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಹೊಳೆಯ ಪ್ರತಿಯೊಂದು ಮಡುವಿಗೂ ಊರಿನವರ ಬಾಯಲ್ಲಿ ಒಂದು ಹೆಸರಿರುತ್ತದೆ. ಆ ಹೆಸರಿನ ಹಿಂದೆ ಒಂದು ಸಾವೋ, ಒಂದು ಹರಕೆಯೋ, ಒಂದು ನಿಷೇಧವೋ ಇರುತ್ತದೆ. ಯಾವ ಮಡುವಿಗೆ ಯಾವ ತಿಂಗಳಲ್ಲಿ ಇಳಿಯಬಾರದೆಂದು ಹಿರಿಯರು ಹೇಳುತ್ತಿದ್ದರು, ಎಷ್ಟು ಜನ ಕೂಡಿ ಹೋಗುತ್ತಿದ್ದರು, ದಡದಲ್ಲಿ ಯಾರು ನಿಲ್ಲುತ್ತಿದ್ದರು ಎಂಬಿವನ್ನು ಕೇಳಿ ಬರೆದುಕೊಳ್ಳಬೇಕು. ಕೂಳಿ, ಈಟಿ, ಬಲೆಗಳ ಅಳತೆಯನ್ನೂ ಅವುಗಳ ಅಂಗಾಂಗಗಳ ಹೆಸರುಗಳನ್ನೂ ಸಂಗ್ರಹಿಸಬೇಕು. ಪೊಲೀಸು ಠಾಣೆ, ಗ್ರಾಮ ಪಂಚಾಯಿತಿಗಳ ದಾಖಲೆಗಳಲ್ಲಿ ನೀರಿನಲ್ಲಿ ಸತ್ತವರ ವಿವರವಿರುತ್ತದೆ. ಅವನ್ನು ಮಡುವಿನ ಹೆಸರಿನೊಡನೆ ಹೊಂದಿಸಿ ನೋಡಿದರೆ ಯಾವ ಸ್ಥಳಕ್ಕೆ ಎಚ್ಚರಿಕೆಯ ಫಲಕ ಬೇಕೆಂಬುದು ತಿಳಿಯುತ್ತದೆ. ಇತಿಹಾಸದ ವಿದ್ಯಾರ್ಥಿ ಸಂಗ್ರಹಿಸಿದ ವಿಷಯವು ಹೀಗೆ ಮುಂದಿನ ಬೇಸಗೆಯಲ್ಲಿ ಒಂದು ಪ್ರಾಣವನ್ನು ಉಳಿಸುವುದಾದರೆ ಅದಕ್ಕಿಂತ ಹೆಚ್ಚಿನ ಸಾರ್ಥಕತೆ ಯಾವುದು?

ಈ ಜ್ಞಾನವನ್ನು ಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಇತ್ತ ಗಾಜಿನ ಮುಖವಾಡವೂ ಈಟಿಬಂದೂಕವೂ ಹಣ ಕೊಟ್ಟರೆ ಯಾರಿಗಾದರೂ ದೊರೆಯುತ್ತವೆ. ಪರಿಕರವನ್ನು ಕೊಳ್ಳಬಹುದು; ದಡದಲ್ಲಿ ನಿಂತು ಕಾಯುವ ಜೊತೆಗಾರನನ್ನೂ ಮಡುವಿನ ಗುಣವನ್ನು ಬಲ್ಲ ಹಿರಿಯನ ಮಾತನ್ನೂ ಕೊಳ್ಳಲಾಗದು. ಆ ಮಾತನ್ನು ಕೇಳಿ ಬರೆದಿಡುವ ಕೆಲಸವನ್ನು ಹೇಮಾವತಿಯ ಎರಡೂ ದಡಗಳ ಕಾಲೇಜುಗಳು ಈ ಬೇಸಗೆಯಿಂದಲೇ ಆರಂಭಿಸಬಹುದು.